ಹೊನ್ನೆ ಮೆಟ್ಟಿಲಿಗೆ ಅಂಚು ಕಟ್ಟಿದ ಯಮುನಾ

ಯಮುನಾಳ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಶಾಂತಿಗ್ರಾಮದ ಹಾಲಿನ ಡೇರಿ ಮುಂದೆ, ಅದೂ ನಗೆಯ ಮಾತಾಗಿ. ಅವತ್ತು ಬೆಳಿಗ್ಗೆ ನಾನು ಹಾಲಿನ ಕ್ಯಾನು ಹಿಡಿದು ಹೊರಟರೆ ಕರು ಹಿಂದೆಯೇ ಬಂತು. ಅದನ್ನು ಅಟ್ಟೋಕೆ ಕೈಗೆ ಸಿಕ್ಕಿದ ಕೋಲು ತಗೊಂಡಿದ್ದೆ. ಕೋಲು ಹಿಡಿದೇ ಸಾಲಲ್ಲಿ ನಿಂತೆ. ಎದುರು ಮನೆ ನಂಜಮ್ಮ ನೋಡಿದಳು.

"ಇದೇನಕ್ಕ, ಕರು ಅಟ್ಟಾಕೂ ಪಾಲಿಶ್ ಒಡ್ದಿರೋ ಕೋಲಾ?"

"ಕೋಲಲ್ಲ ಕಣೆ. ನಮ್ಮ ಮೆಟ್ಟಿಲಿನ ಅಂಚಿನ ಪಟ್ಟಿ. ಎದ್ದು ನೋಡುದ್ರೆ ಉದುರಿ ಬಿದ್ದಿತ್ತು. ಇದು ಆರನೇದು."

ಸಾಲಲ್ಲಿದ್ದವರೆಲ್ಲ ನಕ್ಕರು. ನಂಜಮ್ಮನಿಗೆ ಅಷ್ಟು ಸಾಕು. "ಅಂಗಾದ್ರೆ ದಂಡಿಗನಳ್ಳೀಲಿ ಒಬ್ಳವ್ಳಂತೆ, ಅವಳ್ನ ಕರ್ಸಕ್ಕ. ಸೀರೆ ಎತ್ತಿ ಸಿಗಿಸ್ಕೊಂಡು ಮರಕ್ಕೆ ಹತ್ತರಿ ಉಜ್ತಾಳಂತೆ. ಗಂಡ ಬಂದು ಹತ್ತರಿ ಬಿಡು ಅಂದ್ನಂತೆ, ಇವಳು ಗಂಡನ್ನೇ ಬಿಟ್ಬುಟ್ಳಂತೆ!"

ಡೇರಿ ಒಳಗೆ ಹಾಲಿಗೆ ಕೊಳವೆ ಅದ್ದುತ್ತಿದ್ದವನೂ ನಕ್ಕ. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ. ಆದರೆ ಮನೆ ಬಾಗಿಲಿಗೆ ಬರೋ ಹೊತ್ತಿಗೆ ನಗು ಇರಲಿಲ್ಲ. ಹತ್ತರಿ ಅಂದರೆ ಮರದ ಮೈ ನಯ ಮಾಡೋ ಆಯುಧ. ಅದಕ್ಕೋಸ್ಕರ ಗಂಡನ್ನ ಬಿಟ್ಟವಳ ಕೈ ಎಂಥದ್ದಿರಬಹುದು, ನೋಡಬೇಕಲ್ಲ ಅನ್ನಿಸಿತು.

ನಮ್ಮ ಮೆಟ್ಟಿಲಿನ ಕಥೆ ಇಲ್ಲಿ ಹೇಳಿಬಿಡಬೇಕು. ನಮ್ಮ ಯಜಮಾನರು ಲಾರಿ ಓಡಿಸುತ್ತಿದ್ದರು. ಅರಕಲಗೂಡಿನ ಕಡೆ ಒಂದು ಸಾಮಿಲ್ಲಿಗೆ ದಿಮ್ಮಿ ಸಾಗಿಸೋರು. ಮನೆ ಕಟ್ಟುವಾಗ ಆ ಸಾಮಿಲ್ಲಿನಿಂದ ಒಂದೊಂದೇ ಹೊನ್ನೆ ಹಲಗೆ ಆರಿಸಿ, ಲಾರಿ ಕ್ಯಾಬಿನ್ ಹಿಂದೆ ಇಟ್ಟುಕೊಂಡು ತಂದರು. ಹನ್ನೊಂದು ಹಲಗೆ ತರೋಕೆ ಒಂದು ವರ್ಷ ಹಿಡಿಯಿತು. ಹನ್ನೊಂದು ಮೆಟ್ಟಿಲಾಯಿತು. ಮೇಲೊಂದು ಕೋಣೆ, ಆಲೂಗಡ್ಡೆ ಬೀಜ ಹರಡೋಕೆ, ನೆಂಟರು ಬಂದರೆ ಮಲಗೋಕೆ. ಅವರು ಹೋಗಿ ಹದಿನಾಲ್ಕು ವರ್ಷವಾಯಿತು. ಮೆಟ್ಟಿಲು ಮಾತ್ರ ನಡುವೆ ಸವೆದು, ಅಂಚು ಸೀಳಿ, ಗೋಡೆ ಪಕ್ಕ ಸಂದು ಬಿಟ್ಟು, ಹಾಗೂ ನಿಂತಿತ್ತು.

ಹೋದ ವರ್ಷ ಶ್ರಾವಣದಲ್ಲಿ ನಾಲ್ಕನೇ ಮೆಟ್ಟಿಲಲ್ಲಿ ನನ್ನ ಕಾಲು ಜಾರಿತು. ಮಣಿಕಟ್ಟು ಮುರಿದು ಹಿಟ್ಟಿನ ಪಟ್ಟು ಹಾಕಿಸಿಕೊಂಡು ಬಂದೆ. ನನ್ನ ಮಗ ನಟರಾಜನಿಗೆ ಹಾಸನದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಅವನು ಅವತ್ತೇ ಹೇಳಿದ, "ಅವ್ವ, ಈ ಮರ ಕಿತ್ತಾಕಿ ಸಿಮೆಂಟ್ ಸುರ್ದು ಗ್ರಾನೈಟ್ ಕೂರ್ಸ್ತೀನಿ."

"ಮೊದ್ಲು ನನ್ನ ಕಿತ್ತಾಕು. ಆಮೇಲೆ ಮರ ಕೀಳು."

"ನೀನು ಬಿದ್ದಿದ್ದು ಅದ್ರ ಮೇಲಿಂದಲೇ ಅಲ್ವಾ?"

"ಗ್ರಾನೈಟ್ ಮೇಲಿಂದ ಬಿದ್ರೆ ನೋಯಾಕಿಲ್ವೇನ್ಲಾ?"

ಕೊನೆಗೆ ರಾಜಿಯಾಯಿತು. ಹಲಗೆ ಇರಲಿ, ಅಂಚಿಗೆ ಹೊಸ ಪಟ್ಟಿ ಹೊಡೆಸೋಣ ಅಂತ. ನಟರಾಜ ತನಗೆ ಗೊತ್ತಿದ್ದ ಸುನೀಲ್‌ಕುಮಾರ್ ಅನ್ನೋ ಕಂಟ್ರಾಕ್ಟರನ್ನ ಕರೆಸಿದ. ಅವನು ಕಾರಿನಲ್ಲಿ ಬಂದ, ಮೊಬೈಲಲ್ಲಿ ಅರಮನೆಯಂಥ ಮೆಟ್ಟಿಲು ತೋರಿಸಿದ, ಎರಡೇ ದಿನಕ್ಕೆ ಹೊಳೆಯೋ ಪಟ್ಟಿಗಳನ್ನ ಅಂಟು ಹಾಕಿ ಕೂರಿಸಿ ಹೋದ. ಗೋಡೆ ಪಕ್ಕದ ಸಂದಿಗೆ ಬಿಳೀ ಹಿಟ್ಟು ತುಂಬಿದ. ಹದಿನೈದನೇ ದಿನದಿಂದ ಪಟ್ಟಿಗಳು ಒಂದೊಂದಾಗಿ ಉದುರೋಕೆ ಶುರುವಾದವು. ಕೇಳಿದರೆ, "ಅಜ್ಜಿ, ಪಟ್ಟಿ ಸರಿಯಾಗೈತೆ, ನಿಮ್ಮ ಮರಾನೇ ಸರಿ ಇಲ್ಲ," ಅಂದ. ಗ್ರಾನೈಟೇ ಗತಿ ಅಂತ ನಟರಾಜನಿಗೂ ಹೇಳಿಕೊಟ್ಟ.

ಆ ಸಿಟ್ಟಿಗೇ ನಾನು ದಂಡಿಗನಹಳ್ಳಿಗೆ ಹೇಳಿ ಕಳಿಸಿದ್ದು.

ಯಮುನಾ ಬಸ್ಸಿಳಿದು ಬಂದಳು. ನಲವತ್ತರ ಹತ್ತಿರದ ಹೆಂಗಸು, ತೆಳ್ಳಗೆ, ಹೆಗಲಲ್ಲಿ ಗೋಣಿ ತಾಟಿನ ಚೀಲ. ಸೀರೆಯೇನೂ ಎತ್ತಿ ಸಿಗಿಸಿರಲಿಲ್ಲ. ಚೂಡಿದಾರದ ಮೇಲೆ ಗಂಡಸರ ಅಂಗಿ ಹಾಕಿದ್ದಳು. ಕಾಫಿ ಬೇಡ ಅಂದಳು. ನೆಟ್ಟಗೆ ನಾಲ್ಕನೇ ಮೆಟ್ಟಿಲಿಗೆ ಹೋಗಿ ಮಂಡಿಯೂರಿ, ಹಲಗೆ ಮೇಲೆ ಉಗುರಿಂದ ಕೆರೆದು, ಮೂಗಿಗೆ ಹಿಡಿದಳು.

"ಹರಳೆಣ್ಣೆ. ಎಷ್ಟ್ ವರ್ಷದಿಂದ ಉಜ್ತಿದ್ದೀರಮ್ಮ?"

"ಮೂವತ್ತೆಂಟು ವರ್ಷ. ಶುಕ್ರವಾರ ಶುಕ್ರವಾರ, ಹೊಸ್ತಿಲಿಗೆ ಬಳಿದು ಮಿಕ್ಕಿದ್ದು ಮೆಟ್ಟಿಲಿಗೆ. ಒಂದು ವಾರ ತಪ್ಪಿಲ್ಲ," ಅಂದೆ, ಹೆಮ್ಮೆಯಿಂದಲೇ.

"ಯಾರೇಳುದ್ರು ಉಜ್ಜೋಕೆ?"

"ಮಾಡಿದ ಆಚಾರ್ರೇ. ಎಣ್ಣೆ ಕಾಣಿಸ್ತಿರಿ ಅಂದಿದ್ರು."

"ವರ್ಷಕ್ಕೊಂದ್ಸಲ ಅಂದಿರ್ತಾರೆ. ನೀವು ವಾರಕ್ಕೊಂದ್ಸಲ ಮಾಡ್ಬುಟ್ರಿ. ಮರ ಎಣ್ಣೆ ಕುಡ್ದು ಕುಡ್ದು ಮತ್ತಾಗಿ ಮಲ್ಗೈತೆ. ಇದ್ರ ಮ್ಯಾಲೆ ಅಂಟು ಇಡಿಯಲ್ಲ ಕಣಮ್ಮ. ನೀವು ಜಾರಿದ್ದೂ ಇದ್ರಿಂದ್ಲೇ."

ಇಷ್ಟು ವರ್ಷ ದೇವರ ಕೆಲಸ ಅಂತ ಮಾಡಿದ್ದು ನನ್ನ ಕೈಯನ್ನೇ ಮುರಿದಿತ್ತು. ಅದನ್ನ ಆ ಕಂಟ್ರಾಕ್ಟರನೂ ಹೇಳಲಿಲ್ಲ, ಎಕ್ಸ್‌ರೇ ತೆಗೆದವರೂ ಹೇಳಲಿಲ್ಲ. ಮಂಡಿಯೂರಿ ಮೂಸಿದವಳು ಹೇಳಿದಳು. ಆ ಗಳಿಗೆಯಲ್ಲೇ ನಾನು ತೀರ್ಮಾನ ಮಾಡಿದೆ, ಕೆಲಸ ಇವಳದ್ದೇ.

ಅವಳು ಒಂದು ಕರಾರು ಹಾಕಿದಳು. ಅಂಗಿ ಜೇಬಿಂದ ಒಂದು ಕಾರ್ಡು ತೆಗೆದು ತೋರಿಸಿದಳು. ಕಟ್ಟಡ ಕೆಲಸದವರಿಗೆ ಕೊಡೋ ಕಾರ್ಡು. ಅವಳ ಫೋಟೊ, ಅವಳ ಹೆಸರು. ಕೆಲಸ ಅನ್ನೋ ಕಡೆ 'ಹೆಲ್ಪರ್' ಅಂತಿತ್ತು.

"ಇದ್ನ ಹೊಸದು ಮಾಡಿಸ್ಬೇಕು. ಬಡಗಿ ಅಂತ ಬರ್ಸ್ಬೇಕು ಅಂದ್ರೆ ಕೆಲಸ ಮಾಡ್ಸಿದೋರು ಕಾಗದ ಕೊಡ್ಬೇಕಂತೆ. ನಾನು ಮಾಡಿದ್ದೆಲ್ಲ ಕಂಟ್ರಾಕ್ಟರ್ ಕೈಕೆಳ್ಗೆ. ಅವ್ರು ಹೆಲ್ಪರ್ ಅಂತಾನೇ ಬರೆಯೋದು. ಹೆಲ್ಪರ್ ಅಂತ ಇದ್ರೆ ಇಟ್ಟಿಗೆ ಒರಾಕೆ ಕರೀತಾರೆ, ಮರ ಮುಟ್ಸಲ್ಲ. ಕೆಲಸ ನಿಮ್ಗೆ ಒಪ್ಪಿಗೆ ಆದ್ರೆ ಒಂದು ಕಾಗದ ಕೊಡಿ."

"ಅಷ್ಟೇನಾ? ನನ್ನ ಮಗ ಬರ್ಕೊಡ್ತಾನೆ ಬುಡು."

ಮೊದಲ ಕೆಲಸ ಮೆಟ್ಟಿಲಿಗೆ ತಲೆ ಸ್ನಾನ. ಹೌದು, ಹಾಗೇ ಅನ್ನಬೇಕು. ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಕಲಸಿ, ತೆಂಗಿನ ನಾರಿನಿಂದ ಒಂದೊಂದು ಹಲಗೆಯನ್ನೂ ತಿಕ್ಕಿದೆವು. ಅವಳು ಮೇಲಿನಿಂದ, ನಾನು ಒಂದು ಕೈಯಲ್ಲಿ ಕೆಳಗಿನಿಂದ. ಬಂದ ನೀರು ಕರ್ರಗೆ, ಗಾಣದ ಕೆಸರಿನ ಹಾಗೆ. ತಿಕ್ಕುತ್ತಾ ತಿಕ್ಕುತ್ತಾ ಅವಳ ಕಥೆ ಹೇಳಿದಳು.

ಅವಳ ಅಪ್ಪ ದಂಡಿಗನಹಳ್ಳಿಯಲ್ಲಿ ಹೆಸರಾದ ಆಚಾರಿ. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಗಂಡು ಮಕ್ಕಳಿಲ್ಲ. ಆಯುಧ ಹೆಣ್ಣು ಮುಟ್ಟಬಾರದು ಅಂತ ಅವರ ಮನೆಯಲ್ಲಿ ಕಟ್ಟುನಿಟ್ಟು. ಆಯುಧಪೂಜೆ ದಿನ ಕುಂಕುಮ ಇಡೋದಕ್ಕೂ ಗಂಡಸರೇ. ಅಪ್ಪ ಬಾಗಿಲು ಹಾಕಿಸಿ, ಅವಳ ಕೈಗೆ ಉಳಿ ಕೊಟ್ಟು, ತಾನು ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳೋರಂತೆ. ಹನ್ನೊಂದು ವರ್ಷ ಹಾಗೇ ನಡೆಯಿತು. ಗಂಡ ಬಂದದ್ದೂ ಹೋದದ್ದೂ ಆ ನಡುವೆಯೇ. ಅವನ ಬಗ್ಗೆ ಅವಳು ಅಷ್ಟೇ ಹೇಳಿದ್ದು.

"ಊರೋರು ಬಂದು ಬಾಗ್ಲು ಸವರಿ, 'ಆಚಾರ್ರ ಕೈ ಅಂದ್ರೆ ಕೈ' ಅನ್ನೋರು. ಅಪ್ಪ ತಲೆ ತಗ್ಗಿಸ್ಕೊಳ್ಳೋರು. ಆ ಕೈ ನಂದು ಕಣಮ್ಮ."

"ಅಪ್ಪ ಹೋದ್ಮೇಲೆ?"

"ಹನ್ನೊಂದನೇ ದಿನಕ್ಕೆ ಚಿಕ್ಕಪ್ಪಂದಿರು ಚೀಲ ತಗೊಂಡು ಬಂದ್ರು, ಆಯುಧ ಒತ್ಕೊಂಡೋಗಾಕೆ. ನಾನು ಪೆಟ್ಟಿಗೆ ಮ್ಯಾಲೆ ಕೂತೆ. ಬೈದ್ರು, ಕೂತೇ ಇದ್ದೆ. ಊಟಕ್ಕೆ ಕರುದ್ರು, ಏಳ್ಲಿಲ್ಲ. ಸಂಜೆ ಬಸ್ಸಿಗೆ ಒಂಟೋದ್ರು."

ಹಲಗೆ ಒಣಗೋಕೆ ನಾಲ್ಕು ದಿನ ಬಿಟ್ಟು, ಮರ ತರೋಕೆ ಚನ್ನರಾಯಪಟ್ಟಣಕ್ಕೆ ಹೋದೆವು. ಟಿಂಬರ್ ಅಂಗಡಿ ಪದ್ಮಕುಮಾರ್ ಅವರದ್ದು, ಜೈನರು, ಮಾತು ಮೃದು. ನಮ್ಮಿಬ್ಬರನ್ನ ನೋಡಿ ನಮ್ಮ ಹಿಂದೆ ಬಾಗಿಲ ಕಡೆ ನೋಡಿದರು.

"ಬನ್ನಿ ಅಮ್ಮ. ಮೇಸ್ತ್ರಿ ಬರ್ಲಿಲ್ವಾ?"

"ಬಂದವ್ರೆ. ನಿಮ್ಮ ಮುಂದೇನೇ ನಿಂತವ್ರೆ," ಅಂದೆ.

ಅವರು ಹೊನ್ನೆ ಅಂತ ಎರಡು ತುಂಡು ತೋರಿಸಿದರು. ಯಮುನಾ ಬೆರಳ ಗೆಣ್ಣಲ್ಲಿ ತಟ್ಟಿದಳು. ಎರಡರಿಂದಲೂ ಚೂರು ಕೆತ್ತಿ, "ಸಾ, ಎರಡು ಲೋಟ ನೀರು," ಅಂದಳು. ಚೂರುಗಳನ್ನ ಬೇರೆ ಬೇರೆ ಲೋಟಕ್ಕೆ ಹಾಕಿ ಕಾದಳು. ಸ್ವಲ್ಪ ಹೊತ್ತಿಗೆ ಒಂದು ಲೋಟದ ನೀರು ಟೀ ಬಣ್ಣಕ್ಕೆ ತಿರುಗಿತು. ಅದನ್ನ ಬಿಸಿಲಿಗೆ ಹಿಡಿದಳು. ನೀರಿನ ಅಂಚಲ್ಲಿ ನವಿಲುಗರಿಯ ಹಾಗೆ ನೀಲಿ. ಇನ್ನೊಂದು ಲೋಟ ಹಾಗೇ ಸಪ್ಪೆ.

"ಇದು ಹೊನ್ನೆ. ಅದು ಯಾವ್ದೋ ಕಾಡು ಮರಕ್ಕೆ ಬಣ್ಣ ಒಡ್ದವ್ರೆ. ನಿಮ್ಗೂ ಮೋಸ ಮಾಡವ್ರೆ ಸಾ."

ಪದ್ಮಕುಮಾರ್ ಲೋಟವನ್ನ ತಾವೇ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. "ನಮ್ಮ ತಂದೆ ಹೀಗೆ ನೋಡ್ತಿದ್ರು," ಅಂದರು. ಆಮೇಲೆ ಲೆಕ್ಕ, ಅಳತೆ, ಎಲ್ಲಾ ಅವಳನ್ನೇ ಕೇಳಿದರು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳ ಚೀಲ ನಾನು ಹಿಡಿದುಕೊಂಡೆ. ಬೇಡ ಅಂದಳು. "ಇವತ್ತು ನಾನು ಹೆಲ್ಪರ್ ಕಣೆ," ಅಂದೆ. ಅವಳು ನಕ್ಕದ್ದನ್ನ ನಾನು ಮೊದಲು ನೋಡಿದ್ದು ಆಗಲೇ.

ಪಟ್ಟಿಯ ಆಕಾರ ಆರಿಸೋದು ಅಂತ ಒಂದು ದಿನ ಕೂತೆವು. ನಟರಾಜ ಮೊಬೈಲು ತಂದು, ಎಲೆ ಬಳ್ಳಿ ಕೆತ್ತಿದ ಅಂಚು ತೋರಿಸಿದ. "ಇಂಗೆ ಮಾಡಮ್ಮ, ಗ್ರ್ಯಾಂಡಾಗಿರ್ತದೆ."

"ಮಾಡ್ಬೋದು ಸಾ. ಎಲೆ ಸಂದೀಲಿ ದೂಳು ಕೂರ್ತದೆ. ದಿನಾ ಒರೆಸೋರು ಯಾರು? ನೀವಾ?"

ನಟರಾಜ ಮೊಬೈಲು ಜೇಬಿಗಿಟ್ಟ.

ಅವಳು ಮೊಳದುದ್ದದ ಮೂರು ತುಂಡು ಮಾಡಿ ತಂದಿದ್ದಳು. ಒಂದರ ಅಂಚು ಚೌಕ, ಒಂದು ಬಳೆಯ ಹಾಗೆ ಗುಂಡು, ಇನ್ನೊಂದು ಗುಂಡೇ, ಆದರೆ ತಲೆ ಮೇಲೆ ಎರಡು ಸಣ್ಣ ಗೀರು ತೋಡಿದ್ದು. ಮೂರನ್ನೂ ಮೂರು ಮೆಟ್ಟಿಲಿಗೆ ದಾರದಲ್ಲಿ ಬಿಗಿದು, ನನ್ನ ಮೇಲಕ್ಕೆ ಹತ್ತಿಸಿ, "ಕಣ್ಣು ಮುಚ್ಕೊಂಡು ಇಳೀರಿ," ಅಂದಳು.

"ನಾನು ಒಂದ್ಸಲ ಕಣ್ಣು ಬಿಟ್ಕೊಂಡೇ ಬಿದ್ದಿವ್ನಿ ಕಣವ್ವ!"

"ನಾನು ಇಡ್ಕೊಂಡಿರ್ತೀನಿ. ಮೆಟ್ಟಿಲಿನಂಚು ಕಣ್ಣಲ್ಲಿ ಆರಿಸೋದಲ್ಲ, ಅಂಗಾಲಲ್ಲಿ ಆರಿಸೋದು. ಅತ್ತೋವಾಗ ಯಾವ್ದಾದ್ರೂ ನಡೀತದೆ. ಇಳಿಯೋವಾಗ ಗೊತ್ತಾಗ್ತದೆ."

ಇಳಿದೆ. ಚೌಕದ್ದು ಅಂಗಾಲು ಕಚ್ಚಿತು. ಬರೀ ಗುಂಡಿನದ್ದರ ಮೇಲೆ ಕಾಲು ಮುಂದಕ್ಕೆ ಓಡಿತು. ಗೀರಿನದ್ದು ಮಗು ಬೆರಳು ಹಿಡಿದ ಹಾಗೆ ಹಿಡಿಯಿತು. "ಇದೇ," ಅಂದೆ, ಕಣ್ಣು ಬಿಡೋದಕ್ಕೂ ಮುಂಚೆ.

ಕೂರಿಸೋ ಕೆಲಸ ಹದಿನೆಂಟು ದಿನ ಹಿಡಿಯಿತು. ಒಂದೊಂದು ಮೆಟ್ಟಿಲಿಗೆ ಮೂರು ಪಟ್ಟಿ. ಅಂಚಿಗೊಂದು, ಅಂಚಿನ ಕೆಳಗೆ ಸಂದು ಮುಚ್ಚೋಕೆ ಸಣ್ಣದೊಂದು, ಗೋಡೆ ಪಕ್ಕಕ್ಕೊಂದು. ನಮ್ಮದು ಮಣ್ಣಿನ ಗೋಡೆ, ಅಲ್ಲಲ್ಲಿ ಹೊಟ್ಟೆ ಬಂದಿದೆ. ಅವಳು ಗೋಡೆಗೆ ಪಟ್ಟಿ ಒತ್ತಿ ಹಿಡಿದು, ಹಳೇ ತೂತಿನ ಕಾಸಿನೊಳಗೆ ಪೆನ್ಸಿಲ್ ಮೊನೆ ಇಟ್ಟು, ಕಾಸನ್ನ ಗೋಡೆ ಗುಂಟ ಉರುಳಿಸೋಳು. ಗೋಡೆಯ ಅಂಕುಡೊಂಕು ಹಾಗೇ ಮರದ ಮೇಲೆ ಬೀಳೋದು. ಆ ಗೆರೆಗೆ ಸರಿಯಾಗಿ ಕೆತ್ತಿದರೆ ಪಟ್ಟಿ ಗೋಡೆಗೆ ತಬ್ಬಿ ಕೂರೋದು. ಮಳೆಗಾಲದಲ್ಲಿ ಮರ ಉಬ್ಬುತ್ತೆ ಅಂತ ತುದಿಯಲ್ಲಿ ಒಂದು ಕಾಗದ ತೂರುವಷ್ಟು ಜಾಗ ಬಿಟ್ಟಳು. ಅಂಟು ಮುಟ್ಟಲಿಲ್ಲ. ಓರೆಯಾಗಿ ತೂತು ಕೊರೆದು, ಬಲಿತ ಬಿದಿರಿನ ಮೊಳೆ ಮಾಡಿ, ಕೊಡತಿಯಿಂದ ಬಡಿದಳು. ಬಡಿಯುವಾಗ ಕಿವಿ ಕೊಟ್ಟು ಕೇಳೋಳು. ಸದ್ದು ಗಟ್ಟಿಯಾದ ಮೇಲೆ ಒಂದು ಏಟೂ ಜಾಸ್ತಿ ಇಲ್ಲ.

ಏಳು ಮೆಟ್ಟಿಲು ಮುಗಿದಿತ್ತು, ಸುನೀಲ್‌ಕುಮಾರ್ ಬಂದ. ಬಿಟ್ಟುಹೋಗಿದ್ದ ಮೆಷಿನ್ನು ತಗೊಂಡು ಹೋಗೋ ನೆಪ. ಯಮುನಾಳನ್ನ ಕಂಡು ಸೊಂಟದ ಮೇಲೆ ಕೈ ಇಟ್ಟ.

"ಓಹೋ! ನನ್ನ ಹತ್ರ ಮರಳು ಕಾಗದ ಉಜ್ಕೊಂಡಿದ್ದೋಳು ಇಲ್ಲಿ ಮೇಸ್ತ್ರಿ ಆಗ್ಬುಟ್ಟವ್ಳೆ!"

"ಮರಳು ಕಾಗದ ಉಜ್ಜಿದ್ದು ಮೊದಲ ವಾರ," ಅಂದಳು ಅವಳು, ತಲೆ ಎತ್ತದೆ. "ಆಮೇಲೆ ನಿನ್ನ ನಾಲ್ಕು ಮನೆ ಮೆಟ್ಟಿಲು ಮಾಡ್ದೋಳು ಯಾರು ಅಂತ ಏಳ್ಲಾ?"

ಅವನ ಮುಖ ಕೆಂಪಾಯಿತು. ಅವತ್ತು ಮನೆಯಲ್ಲೇ ಇದ್ದ ನಟರಾಜನ ಕಡೆ ತಿರುಗಿದ. "ನಟ್ರಾಜಣ್ಣ, ಬಿದಿರು ಕಡ್ಡೀಲಿ ಮೆಟ್ಟಿಲು ನಿಲ್ತದಾ? ಇದೇನು ಗಾಳಿಪಟಾನಾ? ಒಂದು ಮಳೆಗೆ ಎದ್ದು ಬತ್ತದೆ. ನಾಳೆ ಅಜ್ಜಿ ಸೊಂಟ ಮುರುದ್ರೆ ನನ್ನ ಕೇಳ್ಬೇಡಿ. ಈಗ್ಲೂ ನಿಲ್ಸಿ. ಒಂದು ವಾರದಲ್ಲಿ ಗ್ರಾನೈಟ್ ಮಾಡ್ಕೊಡ್ತೀನಿ."

ನಟರಾಜ ಒಳ್ಳೆಯವನೇ. ಆದರೆ ಕಾರಿನಲ್ಲಿ ಬಂದವರ ಮಾತು ಅವನಿಗೆ ಬೇಗ ಒಳಗೆ ಇಳಿಯುತ್ತೆ. "ಅವ್ವ, ಅವ್ರು ಏಳೋದ್ರಲ್ಲೂ ಅರ್ಥ ಐತೆ. ಸದ್ಯಕ್ಕೆ ನಿಲ್ಸೋಣ," ಅಂದ.

ಯಮುನಾ ಕೊಡತಿ ಕೆಳಗಿಟ್ಟಳು. ಮೊಳೆಗಳನ್ನ ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು. ಕೆಲಸ ಇಲ್ಲಿಗೇ ನಿಂತರೆ ಒಪ್ಪಿಗೆಯಿಲ್ಲ, ಕಾಗದವಿಲ್ಲ, ಕಾರ್ಡಿನಲ್ಲಿ ಆ ಹೆಲ್ಪರ್ ಹಾಗೇ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ನಾನು ಹೋಗಿ ನಾಲ್ಕನೇ ಮೆಟ್ಟಿಲ ಮೇಲೆ ಕೂತೆ. ಕಾಲು ಚಾಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಟ್ಟಿಯಾಗಿ ಕೂತೆ.

"ಏಳವ್ವ."

"ಏಳಾಕಿಲ್ಲ. ಇದು ನಿಮ್ಮಪ್ಪ ಲಾರೀಲಿ ಹೊತ್ತು ತಂದ ಹಲಗೆ. ಅವಳು ಹನ್ನೊಂದೂ ಮುಗಿಸೋವರ್ಗೂ ನಾನು ಇಲ್ಲೇ. ಅನ್ನ ಇಲ್ಲಿಗೇ ತಂದ್ಕೊಡು, ಇಲ್ದಿದ್ರೆ ಬುಡು." ಆಮೇಲೆ ಸುನೀಲ್‌ಕುಮಾರನಿಗೆ ಹೇಳಿದೆ, "ನೀನು ಬಾ ಇಲ್ಲಿ. ನೀನು ಹಾಕಿದ ಪಟ್ಟಿ ತಾನಾಗೇ ಉದುರ್ತು. ಇವಳು ಹಾಕಿದ್ನ ನೀನೇ ಕಿತ್ತು ತೋರ್ಸು. ಕಿತ್ರೆ ನಾಳೇನೇ ಗ್ರಾನೈಟ್ ತಂದಾಕು. ನಾನು ಬಾಯಿ ಬಿಡಲ್ಲ."

ಅವನು ನಕ್ಕ. ನಟರಾಜ ಬೇಡ ಬೇಡ ಅಂದ. ಯಮುನಾ ಮಾತ್ರ ಸರಿದು ಜಾಗ ಬಿಟ್ಟಳು. ಅವನು ದೊಡ್ಡ ಸ್ಕ್ರೂಡ್ರೈವರ್ ತಂದು ಐದನೇ ಮೆಟ್ಟಿಲಿನ ಪಟ್ಟಿಯ ಕೆಳಗೆ ತೂರಿಸಿ ಮೀಟಿದ. ತೂರೋಕೆ ಜಾಗ ಸಿಕ್ಕಿದ್ದೇ ಅರ್ಧ ಉಗುರಿನಷ್ಟು. ಇನ್ನೊಂದು ಸಲ ಮೀಟಿದ. ಕತ್ತಿನ ನರ ಉಬ್ಬಿತು. ಸ್ಕ್ರೂಡ್ರೈವರ್ ಜಾರಿ ಪಟ್ಟಿಯ ಮೈಮೇಲೆ ಒಂದು ಉದ್ದ ಗೀರು ಎಳೆಯಿತು. ಪಟ್ಟಿ ಅಲುಗಲಿಲ್ಲ.

ಅಷ್ಟು ಹೊತ್ತಿಗೆ ನಂಜಮ್ಮ ಬಾಗಿಲಲ್ಲಿ ನಿಂತಿದ್ದಳು. ಕೂಗಾಟ ಎಲ್ಲಿದ್ದರೂ ಅವಳು ಅಲ್ಲಿರುತ್ತಾಳೆ. "ಊಟ ಮಾಡ್ಕೊಂಡು ಬಾ ಮಗಾ, ಆಮೇಲೆ ಇನ್ನೊಂದ್ಸಲ ಟ್ರೈ ಮಾಡೀವಂತೆ," ಅಂದಳು. ಅವನು ಮೆಷಿನ್ನು ಎತ್ತಿಕೊಂಡ. ಹೋಗುವಾಗ ಯಮುನಾಳಿಗೆ, "ಏನೇ ಮಾಡು, ನಿನ್ನ ಕಾರ್ಡಲ್ಲಿ ಹೆಲ್ಪರ್ ಅಂತಾನೇ ಇರೋದು," ಅಂತ ಹೇಳಿಯೇ ಹೋದ.

ನಾನು ಮೆಟ್ಟಿಲಿಂದ ಎದ್ದೆ. ಯಮುನಾ ಡಬ್ಬಿಯಿಂದ ಮೊಳೆಗಳನ್ನ ಮತ್ತೆ ಹೊರಗೆ ಸುರಿದಳು.

ಉಳಿದ ನಾಲ್ಕು ಮೆಟ್ಟಿಲೂ ಮುಗಿದವು. ಕೊನೇ ದಿನ ಆ ಗೀರನ್ನ ಹತ್ತರಿಯಲ್ಲಿ ತೆಗೆದುಬಿಡು ಅಂದೆ. "ಇರ್ಲಿ ಬುಡಿ. ಯಾರಾದ್ರೂ ಕೇಳುದ್ರೆ ತೋರ್ಸೋಕೆ ಆಯ್ತದೆ," ಅಂದಳು. ಈಗಲೂ ಇದೆ. ಈ ವರ್ಷದ ಮಳೆಗಾಲ ಪೂರ್ತಿ ಕಳೆಯಿತು, ಆ ಪಟ್ಟಿ ಕೂದಲೆಳೆಯಷ್ಟೂ ಎದ್ದಿಲ್ಲ. ನಾನು ದಿನಕ್ಕೆರಡು ಸಲ ಹತ್ತಿ ಇಳೀತೀನಿ. ಶುಕ್ರವಾರ ಎಣ್ಣೆ ಹೊಸ್ತಿಲಿಗೆ ಮಾತ್ರ.

ಅವಳು ಹೊರಡೋ ದಿನ ನಟರಾಜ ತಾನಾಗಿಯೇ ಕಾಗದ ತಂದ. ಅಂಗಡಿಯ ಹೆಸರಿರೋ ಕಾಗದದಲ್ಲಿ ಕಂಪ್ಯೂಟರಲ್ಲಿ ಹೊಡೆಸಿ, ಸೀಲು ಒತ್ತಿದ್ದ. ಅವನಿಗೂ ಒಳಗೊಳಗೇ ನಾಚಿಕೆಯಾಗಿತ್ತು ಅಂತ ಕಾಣುತ್ತೆ. ನಾಲ್ಕು ಸಲ ಮೆಟ್ಟಿಲು ಸವರಿ, "ಒಳ್ಳೆ ಕೆಲಸ ಕಣಮ್ಮ," ಅಂದ. ಯಮುನಾ ನಿಂತಲ್ಲೇ ಗಟ್ಟಿಯಾಗಿ ಓದಿದಳು: "ಯಮುನಾ ಎಂಬುವವರು ನಮ್ಮ ಮನೆಯಲ್ಲಿ ಹದಿನೆಂಟು ದಿನಗಳ ಕಾಲ ಮರಗೆಲಸದ ಸಹಾಯಕಿಯಾಗಿ ತೃಪ್ತಿಕರವಾಗಿ..."

ಅಲ್ಲಿಗೆ ನಿಲ್ಲಿಸಿದಳು.

"ಸಾ, ಸಹಾಯಕಿ ಅಂದ್ರಿ. ನಾನು ಯಾರಿಗೆ ಸಹಾಯ ಮಾಡ್ದೆ?"

ನಟರಾಜ ಕಾಗದ ಈಸಿಕೊಂಡು ನೋಡಿದ. ಬೇಕು ಅಂತ ಬರೆದದ್ದಲ್ಲ, ನನಗೆ ಗೊತ್ತು. ಹೆಂಗಸು ಅಂದ ಕೂಡಲೇ ಅವನ ಬೆರಳಿಗೆ ಆ ಮಾತೇ ಬಂದಿತ್ತು. "ಅಯ್ಯೋ, ಸರಿ ಮಾಡಿ ನಾಳೆ ಹೊಡೆಸ್ಕೊಂಡು ಬತ್ತೀನಿ," ಅಂದ.

"ಬೇಡ ಸಾ." ಅವಳು ಕಾಗದವನ್ನ ಹರಿಯಲಿಲ್ಲ, ನೀಟಾಗಿ ಮಡಿಸಿ ಅವನ ಕೈಗೇ ವಾಪಸ್ ಕೊಟ್ಟಳು. ಅಂಗಿ ಜೇಬಿಂದ ಖಾಲಿ ಹಾಳೆಯೊಂದನ್ನೂ, ಗೋಡೆಗೆ ಗೆರೆ ಎಳೆದಿದ್ದ ಆ ಮೊಂಡು ಪೆನ್ಸಿಲನ್ನೂ ತೆಗೆದಳು. ಆಮೇಲೆ ಏನೋ ಯೋಚಿಸಿ ಪೆನ್ಸಿಲು ಜೇಬಿಗಿಟ್ಟು, ನಟರಾಜನ ಅಂಗಿಯಿಂದಲೇ ಪೆನ್ನು ಕೇಳಿ ಇಸಕೊಂಡಳು. ಎರಡನ್ನೂ ತಂದು ನನ್ನ ಮುಂದೆ, ಮೊದಲನೇ ಮೆಟ್ಟಿಲ ಮೇಲೆ ಇಟ್ಟಳು.

"ನೀವು ಬರೀರಮ್ಮ."

"ನಾನು ಓದಿರೋದು ಮೂರನೇ ಕ್ಲಾಸು ಕಣವ್ವ. ಸೈನು ಹಾಕೋಕೇ ಕೈ ನಡುಗ್ತದೆ. ಒತ್ತಕ್ಷರ ಬಂದ್ರೆ ಮುಗೀತು."

"ಇದ್ರಲ್ಲಿ ಒತ್ತಕ್ಷರ ಇಲ್ಲ. ಬ, ಡ, ಗಿ. ಮೂರೇ ಅಕ್ಷರ," ಅಂದಳು. "ದೊಡ್ಡದಾಗಿ ಬರೀರಿ ಅಮ್ಮ. ಅಲ್ಲಿ ಕಾರ್ಡು ಮಾಡ್ಕೊಡೋ ಆಫೀಸಿನ ಕಿಟಕೀಲಿ ಕೂತಿರೋನು ಕನ್ನಡಕ ಮರ್ತು ಬಂದಿದ್ರೂ ಕಾಣ್ಬೇಕು."